ಲೋಟದ ನೀರಿನಲ್ಲಿ ಕೂದಲಿನ ಜಾತಕ ಸಿಗಲ್ಲ

ಒಂದು ಕೂದಲನ್ನು ಲೋಟದ ನೀರಿಗೆ ಹಾಕಿ. ತೇಲಿದರೆ ಅದು ನೀರು ಹೀರದ ಕೂದಲು, ಮುಳುಗಿದರೆ ಜಾಸ್ತಿ ಹೀರುವ ಕೂದಲು. ಮೊಬೈಲಿನಲ್ಲಿ ಓಡಾಡುವ ಈ ‘ಪೊರಾಸಿಟಿ’ ಪರೀಕ್ಷೆಯನ್ನು, ಅಂದರೆ ಕೂದಲಲ್ಲಿ ರಂಧ್ರ ಎಷ್ಟು ಅಂತ ನೋಡುವ ಪರೀಕ್ಷೆಯನ್ನು, ಕಲಬುರಗಿಯ ಎಷ್ಟೋ ಹುಡುಗಿಯರು ಮಾಡಿ ನೋಡಿದ್ದಾರೆ. ‘ನಂದು ಇಂಥ ಕೂದಲು’ ಅಂತ ಅಲ್ಲೇ ತೀರ್ಮಾನವೂ ಆಗಿಬಿಡುತ್ತದೆ. ಆಮೇಲೆ ಅದಕ್ಕೆ ತಕ್ಕ ಎಣ್ಣೆ, ಶಾಂಪೂ ಮನೆಗೆ ಬರುತ್ತವೆ.

ಈ ಪರೀಕ್ಷೆಯೇ ತಪ್ಪು. ಕೂದಲು ಅಂದರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ಅದರ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು. ಹಾಗಾಗಿ ಯಾರ ಕೂದಲಾದರೂ ಮುಳುಗಬೇಕು. ಅದು ತೇಲುತ್ತಿದೆ ಅಂದರೆ ನೀರಿನ ಮೇಲ್ಮೈ ಎಳೆತ ಅದನ್ನು ಹೊತ್ತುಕೊಂಡಿದೆ, ಅಷ್ಟೆ. ಚೂರು ಎಣ್ಣೆಯ ಪಸೆ ಇದ್ದರೂ ಸಾಕು. ತೇಲುತ್ತಿರುವ ಅದೇ ಕೂದಲನ್ನು ಬೆರಳಿನಿಂದ ಒತ್ತಿ ನೋಡಿ, ಕೆಳಗಿಳಿಯುತ್ತದೆ. ಒತ್ತಿದ ಮಾತ್ರಕ್ಕೆ ಕೂದಲಿನ ಗುಣ ಬದಲಾಯಿತಾ?

ಬಣ್ಣ, ಬ್ಲೀಚು, ಸ್ಟ್ರೇಟನಿಂಗ್ ಏನೂ ಮುಟ್ಟದ ಕೂದಲೂ ನೀರು ಕುಡಿಯುತ್ತದೆ. ಪೂರ್ತಿ ನೆನೆದರೆ ತನ್ನ ತೂಕದ ಸುಮಾರು 30% ನೀರು ಹಿಡಿಯುತ್ತದೆ. ವ್ಯತ್ಯಾಸ ಇರುವುದು ಮುಖ್ಯವಾಗಿ ವೇಗದಲ್ಲಿ: ನೀರು ಎಷ್ಟು ಬೇಗ ಒಳಗೆ ಹೋಗುತ್ತದೆ, ಎಷ್ಟು ಬೇಗ ಹೊರಗೆ ಬರುತ್ತದೆ.

ರಂಧ್ರ ಅಂದಕೂಡಲೇ ಬೀದರಿನ ಜಂಬಿಟ್ಟಿಗೆ ಕಲ್ಲು ಕಣ್ಣಿಗೆ ಬರುತ್ತದೆ. ಕಣ್ಣಿಗೆ ಕಾಣುವಂಥ ತೂತುಗಳು, ಮಳೆ ಬಿದ್ದರೆ ನೀರು ಸೀದಾ ಇಳಿಯುತ್ತದೆ. ಹಾಗೆ ಇಳಿದ ನೀರು ಕೆಳಗಿನ ಕರಿಕಲ್ಲಿನ ಪದರ ಮುಟ್ಟಿ ನಿಲ್ಲುತ್ತದೆ. ಬಹಮನಿಗಳ ಕಾಲದವರು ಅಲ್ಲೇ ಸುರಂಗ ತೋಡಿ ಊರಿಗೆ ನೀರು ತಂದರು. ಅದೇ ನೌಬಾದಿನ ಕರೇಜ್. ಎಷ್ಟು ಹೊಗಳಿದರೂ ಸಾಲದ ಕೆಲಸ ಅದು. ಆದರೆ ಕೂದಲಿನಲ್ಲಿ ಇಂಥ ತೂತುಗಳಿಲ್ಲ. ಅಲ್ಲಿರುವುದು ಒಂದರ ಮೇಲೊಂದು ಒರಗಿದ ಚಿಪ್ಪುಗಳು. ಐದರಿಂದ ಹತ್ತು ಪದರ, ಒಂದೊಂದು ಚಿಪ್ಪಿನ ದಪ್ಪ ಸುಮಾರು ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಎಲ್ಲದರ ಅಂಚೂ ತುದಿಯ ಕಡೆಗೆ. ಒಂದು ಉದ್ದ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣ್ಣಗೆ ಜಾರುತ್ತದೆ. ತುದಿಯಿಂದ ಬುಡಕ್ಕೆ ಎಳೆದರೆ ತಡೆಯುತ್ತದೆ. ಆ ತಡೆಯೇ ಚಿಪ್ಪಿನ ಅಂಚು.

ನನಗೆ ತುಂಬಾ ಇಷ್ಟವಾದ ಸಂಗತಿ ಈ ಚಿಪ್ಪುಗಳ ಮೇಲಿದೆ. ಅಲ್ಲಿ ಒಂದೇ ಒಂದು ಅಣುವಿನಷ್ಟು ದಪ್ಪದ ಜಿಡ್ಡಿನ ಪದರ ಇರುತ್ತದೆ. ಇದು ತಲೆಗೆ ಹಚ್ಚಿದ ಎಣ್ಣೆಯಲ್ಲ. ಕೂದಲು ಚರ್ಮದೊಳಗೆ ರೂಪುಗೊಳ್ಳುವಾಗಲೇ ಬಂದದ್ದು. 18-ಮೀಥೈಲ್ ಐಕೊಸನೋಯಿಕ್ ಆಮ್ಲ ಅಂತ ಹೆಸರು. ಇದು ಸುಮ್ನೆ ಸವರಿಕೊಂಡಿಲ್ಲ, ಗಂಧಕದ ಪರಮಾಣುವಿನ ಮೂಲಕ ಪ್ರೋಟೀನಿಗೆ ಬೆಸೆದುಕೊಂಡಿದೆ. ಶಾಂಪೂ ಹಾಕಿದ ಮಾತ್ರಕ್ಕೆ ಕಳಚಿ ಹೋಗುವುದಿಲ್ಲ. ಇದು ಇರುವವರೆಗೆ ನೀರಿನ ಹನಿ ಕೂದಲ ಮೇಲೆ ಗುಂಡಗೆ ಕೂರುತ್ತದೆ. ಆದರೆ ಗಾಳಿಯಲ್ಲಿನ ತೇವ ಬಿಡಿಬಿಡಿ ಅಣುಗಳಾಗಿ ಬರುತ್ತದಲ್ಲ, ಅದು ಇದನ್ನು ದಾಟಿ ಒಳಗೆ ಹೋಗಿಯೇ ಹೋಗುತ್ತದೆ. 1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಕೂದಲಿನಿಂದಲೇ ಗಾಳಿಯ ತೇವ ಅಳೆಯುವ ಯಂತ್ರದ ವಿವರ ಪ್ರಕಟಿಸಿದ್ದು ಈ ಗುಣದ ಬಲದಿಂದ. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಅಂತರ ಬರೀ ಎರಡು ಪರ್ಸೆಂಟಿನ ಆಸುಪಾಸು. ಮುಳ್ಳು ಸರಿಸಲು ಅಷ್ಟು ಸಾಕಾಯಿತು. ಅವರು ಮೊದಲು ಕೂದಲನ್ನು ಸೋಡಾ ನೀರಲ್ಲಿ ಕುದಿಸಿ ಜಿಡ್ಡು ತೆಗೆಯುತ್ತಿದ್ದರು.

ಬೆಸೆದುಕೊಂಡ ಈ ಪದರವನ್ನು ಕ್ಷಾರ ಕೀಳುತ್ತದೆ. ಬಿಸಿಲು, ತಿಕ್ಕಾಟವೂ ಕೀಳುತ್ತವೆ. ಕೂದಲು ಸತ್ತ ವಸ್ತು, ಹೋದ ಪದರ ಮತ್ತೆ ಬೆಳೆಯಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. 70 ಸೆಂಟಿಮೀಟರ್ ಜಡೆಯ ತುದಿಗೆ ಹತ್ತಿರ ಹತ್ತಿರ ಆರು ವರ್ಷ! ನಮ್ಮ ಕಡೆಯ ಆರು ಬೇಸಿಗೆ ಕಂಡ ತುದಿ, ಹೋದ ತಿಂಗಳು ಹುಟ್ಟಿದ ಬುಡ, ಎರಡೂ ಒಂದೇ ಥರ ನೀರು ಹೀರುವುದು ಹೇಗೆ? ತೊಳೆದು ಒಣಗಿಸಿದ ಉದ್ದ ಜಡೆಯ ಬುಡಕ್ಕೊಂದು, ತುದಿಗೊಂದು ಹನಿ ಬಿಟ್ಟು ನೋಡಿ. ಸಾಮಾನ್ಯವಾಗಿ ತುದಿಯ ಹನಿ ಮೊದಲು ಇಂಗುತ್ತದೆ. ‘ನಂದು ಇಂಥ ಕೂದಲು’ ಅನ್ನುವ ಮಾತು ನಿಲ್ಲದಿರುವುದು ಇದಕ್ಕೇ.

ನಮ್ಮ ನೀರಿನ ಮಾತೂ ಇದೆ. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು. ಅಂಥ ನೆಲದ ಬೋರಿನ ನೀರು ಗಡಸು, ಸಾಬೂನು ಹಚ್ಚಿದರೆ ನೊರೆ ಬರಲ್ಲ. ನೀರಿನ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಸವೆದ ತುದಿ ಕ್ಯಾಲ್ಸಿಯಮ್ಮನ್ನು ಇನ್ನೂ ಜಾಸ್ತಿ ಹಿಡಿಯುತ್ತದೆ. ಸೀಗೆಕಾಯಿ ಹೀಗೆ ಗಸಿಗಟ್ಟುವುದಿಲ್ಲ. ಅದು ಸಾಬೂನಿನಂತೆ ಕ್ಷಾರವೂ ಅಲ್ಲ, ಅದರಲ್ಲಿ ಸ್ವಲ್ಪ ಹುಳಿ ಇದೆ.

ಎಣ್ಣೆಯ ವಿಷಯದಲ್ಲಿ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಎಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳದ್ದೇ ಅದು, ಅಷ್ಟು ನೆನಪಿರಲಿ. ತೆಂಗಿನೆಣ್ಣೆ ಹಚ್ಚಿದಾಗ ಕೂದಲಿನ ಪ್ರೋಟೀನು ಕಡಿಮೆ ಸೋರಿತು. ಸೂರ್ಯಕಾಂತಿ ಎಣ್ಣೆಯಿಂದ ಆ ಲಾಭ ಸಿಗಲಿಲ್ಲ. ತೆಂಗಿನೆಣ್ಣೆಯ ಲಾರಿಕ್ ಆಮ್ಲ ಚಿಕ್ಕದು, ನೇರವಾದದ್ದು, ಒಳಗೆ ನುಸುಳುತ್ತದೆ. ನಮ್ಮ ಕುಸುಬೆ ಎಣ್ಣೆಯಲ್ಲಿ ಸೂರ್ಯಕಾಂತಿಯಂತೆ ಲಿನೊಲಿಕ್ ಆಮ್ಲವೇ ಜಾಸ್ತಿ. ಅದನ್ನು ಅಡುಗೆಗೇ ಇಟ್ಟುಕೊಳ್ಳೋಣ.

ಚಿಪ್ಪು ಎದ್ದ ಕೂದಲು ಬಾಚದೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಭಾಗದಲ್ಲಿ ಹೇಳಲೇಬೇಕು. ಒಂದರ ಅಂಚಿಗೆ ಇನ್ನೊಂದು ಸಿಕ್ಕು, ಬೆವರು, ಜಿಡ್ಡು, ದೂಳು ಸೇರಿ ಜಟೆ ಕಟ್ಟುತ್ತದೆ. ಕಂಬಳಿಯ ಉಣ್ಣೆ ಗಟ್ಟಿಯಾಗುವುದೂ ಚಿಪ್ಪಿನಿಂದಲೇ. ಹುಡುಗಿಯ ತಲೆಯಲ್ಲಿ ಇದು ಕಂಡರೆ ಎಲ್ಲಮ್ಮ ಬಂದಳು ಅಂತ ದೇವರಿಗೆ ಬಿಟ್ಟ ಮನೆಗಳಿವೆ. 1982ರಲ್ಲೇ ಕರ್ನಾಟಕ ಹೀಗೆ ದೇವರಿಗೆ ಬಿಡುವುದರ ವಿರುದ್ಧ ಕಾನೂನು ಮಾಡಿತು. ಆದರೂ ಜಟೆಗೆ ಕತ್ತರಿ ಹಾಕಲು ಇನ್ನೂ ಹೆದರುವವರಿದ್ದಾರೆ. ಪೋಲೆಂಡಿನಲ್ಲೂ ಇದೇ ಹೆದರಿಕೆ ಇತ್ತು, ಕತ್ತರಿಸಿದರೆ ರೋಗ ಬರುತ್ತದೆ ಅಂತ. 19ನೇ ಶತಮಾನದಲ್ಲಿ ಕ್ರಾಕೋವ್‌ನ ವೈದ್ಯ ಯೂಝೆಫ್ ಡೀಟ್ಲ್ ಅದರ ವಿರುದ್ಧ ಹೋರಾಡಿದರು. ಹೊಸ ಗಂಟಾದರೆ ತೆಂಗಿನೆಣ್ಣೆ ಹಚ್ಚಿ ನೆನೆಯಲು ಬಿಡಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ, ಸ್ವಲ್ಪಸ್ವಲ್ಪವಾಗಿ ಬುಡದ ಕಡೆ ಬಿಡಿಸುತ್ತಾ ಹೋಗಿ. ಬಿಡಿಸಲಾಗದಷ್ಟು ಗಟ್ಟಿಯಾಗಿದ್ದರೆ ಕತ್ತರಿಸಿ. ಕೂದಲಿಗೆ ನೋವಿಲ್ಲ, ರಕ್ತವಿಲ್ಲ, ಹೊಸದು ಬುಡದಿಂದ ಬರುತ್ತಲೇ ಇರುತ್ತದೆ.