ಕೈಪಿಡಿಯಿಂದ ಬಿಟ್ಟುಹೋದ ಹೆಸರು

1896ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡು ಬಾಯ್ಸ್ ಹೊಸದಾಗಿ ಕೈಹಿಡಿದ ಹೆಂಡತಿಯೊಂದಿಗೆ, ಕಪ್ಪು ಜನರ ಬದುಕನ್ನು ಅಧ್ಯಯನ ಮಾಡಲು, ಅಮೆರಿಕದ ಫಿಲಡೆಲ್ಫಿಯಾ ನಗರದ ಏಳನೇ ವಾರ್ಡಿಗೆ ಬಂದರು. ಊಟದ ಹೋಟೆಲೊಂದರ ಮೇಲಿನ ಒಂದೇ ಕೋಣೆಯಲ್ಲಿ ಸಂಸಾರ. ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರು. ಆದರೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಕ್ಕಿದ್ದು ‘ಸಹಾಯಕ ಬೋಧಕ’ ಎಂಬ ಹೆಸರು ಮಾತ್ರ. ಪಾಠ ಹೇಳಲು ವಿದ್ಯಾರ್ಥಿಗಳಿರಲಿಲ್ಲ, ಕೂರಲು ಕೊಠಡಿಯಿರಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಕೈಪಿಡಿಯಿಂದ ಅವರ ಹೆಸರನ್ನೂ ಕೈಬಿಟ್ಟರು.

ಅವರು ಪ್ರಶ್ನಾವಳಿ ಹಿಡಿದು ಮನೆಮನೆಯ ಬಾಗಿಲು ತಟ್ಟಿದರು. ಅವರದೇ ಲೆಕ್ಕದಂತೆ ಮಾತನಾಡಿಸಿದ್ದು ಐದು ಸಾವಿರ ಜನರನ್ನು. ಜೈಲಿನ ದಾಖಲೆಗಳನ್ನೂ ಜಾಲಾಡಿದರು. 1899ರಲ್ಲಿ ಬಂದ ‘ದಿ ಫಿಲಡೆಲ್ಫಿಯಾ ನೀಗ್ರೋ’ ಗ್ರಂಥದಲ್ಲಿ ಅಪರಾಧಕ್ಕೇ ಒಂದು ಅಧ್ಯಾಯವಿದೆ. ಗುಲಾಮಗಿರಿಯ ಬಳುವಳಿ, ನಗರಕ್ಕೆ ದಿಢೀರ್ ವಲಸೆ, ಮುಚ್ಚಿದ ಉದ್ಯೋಗದ ಬಾಗಿಲುಗಳು: ಅಪರಾಧದ ಬೇರುಗಳನ್ನು ಅವರು ಕಂಡದ್ದು ಇಲ್ಲಿ, ರಕ್ತದಲ್ಲಲ್ಲ. ನ್ಯಾಯಾಲಯಗಳ ತಕ್ಕಡಿ ಸಿರಿವಂತರ ಕಡೆಗೆ, ಬಿಳಿಯರ ಕಡೆಗೆ ವಾಲುತ್ತದೆ ಎಂಬುದನ್ನೂ ಬರೆದರು. ಶಿಕ್ಷೆಯಾದವರ ಸಂಖ್ಯೆಯೇ ಅಪರಾಧದ ಸಂಖ್ಯೆಯಲ್ಲ ಎಂಬ ಈ ಎಚ್ಚರ ಇಂದಿಗೂ ಅಪರಾಧಶಾಸ್ತ್ರದ ಮೊದಲ ಪಾಠವಾಗಬೇಕು.

ಡು ಬಾಯ್ಸ್ ಅವರಿಗೂ ಮೊದಲೇ ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಇದ್ದರು. 1892ರಲ್ಲಿ ಮೆಂಫಿಸ್‌ನಲ್ಲಿ ಅವರ ಸ್ನೇಹಿತ ಸೇರಿ ಮೂವರು ಕಪ್ಪು ಜನರನ್ನು ಬಿಳಿಯರ ಗುಂಪೊಂದು ಕೊಂದಿತು. ಇಂಥ ಹತ್ಯೆಗಳು ಅತ್ಯಾಚಾರಕ್ಕೆ ಪ್ರತೀಕಾರ ಎಂದು ಆಗ ಸಮರ್ಥಿಸಲಾಗುತ್ತಿತ್ತು. ಬಿಳಿಯರ ಪತ್ರಿಕೆಗಳೇ ಅಚ್ಚು ಹಾಕಿದ್ದ ವರದಿಗಳನ್ನು ಒಟ್ಟುಗೂಡಿಸಿದ ವೆಲ್ಸ್, ಗುಂಪುಹತ್ಯೆಗೆ ಬಲಿಯಾದವರಲ್ಲಿ ಅತ್ಯಾಚಾರದ ಆರೋಪ ಹೊತ್ತಿದ್ದವರು ಸುಮಾರು ಮೂರನೇ ಒಂದು ಭಾಗ ಮಾತ್ರ ಎಂದು ತೋರಿಸಿದರು. ಅಂಕಿಅಂಶದಿಂದ ಸುಳ್ಳನ್ನು ಬಯಲಿಗೆಳೆದ ಈ ಕೆಲಸವನ್ನು ಅಪರಾಧಶಾಸ್ತ್ರವೆನ್ನದೆ ಬೇರೇನೆನ್ನಬೇಕು?

ಆದರೆ ಪಠ್ಯಪುಸ್ತಕಗಳು ಹಿಡಿದ ದಾರಿಯೇ ಬೇರೆ. ಬಡಾವಣೆಯ ಬದುಕಿಗೂ ಅಪರಾಧಕ್ಕೂ ಇರುವ ನಂಟಿನ ಮಾತು ಬಂದಾಗ ಕೀರ್ತಿ ಸಂದದ್ದು ಷಿಕಾಗೋದ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಅವರಿಗೆ. ಅವರ ಪ್ರಸಿದ್ಧ ಗ್ರಂಥ ಬಂದದ್ದು 1942ರಲ್ಲಿ, ಡು ಬಾಯ್ಸ್ ಗ್ರಂಥದ 43 ವರ್ಷಗಳ ನಂತರ. ಶಾ ಮತ್ತು ಮೆಕೇ ಅವರ ಕೆಲಸ ಸಣ್ಣದಲ್ಲ. ಆದರೆ ಮೊದಲು ಬಾಗಿಲು ತಟ್ಟಿದವರನ್ನು ಮರೆತದ್ದು ಅನ್ಯಾಯ.

ಸರಿಪಡಿಸುವ ಕೆಲಸ ಶುರುವಾಗಲು 1990ರ ದಶಕ ಬರಬೇಕಾಯಿತು. 1992ರಲ್ಲಿ ವಿದ್ವಾಂಸೆ ಕ್ಯಾಥರಿನ್ ರಸೆಲ್, ಕಪ್ಪು ಜನರ ಅನುಭವದಿಂದ ಅಪರಾಧವನ್ನು ನೋಡುವ ‘ಕಪ್ಪು ಅಪರಾಧಶಾಸ್ತ್ರ’ ಬೇಕೆಂದು ವಾದಿಸಿದರು. 1995ರಲ್ಲಿ ವರ್ನೆಟಾ ಯಂಗ್ ಮತ್ತು ಹೆಲೆನ್ ಟೇಲರ್ ಗ್ರೀನ್ ಪಠ್ಯಕ್ರಮವನ್ನೇ ಮರುಕಟ್ಟಲು ಕರೆಕೊಟ್ಟರು. 2016ರಲ್ಲಿ ಅಮೆರಿಕನ್ ಅಪರಾಧಶಾಸ್ತ್ರ ಸಂಘದ ಅಧ್ಯಕ್ಷ ಪೀಠದಲ್ಲಿ ಕಪ್ಪು ಮಹಿಳೆ ರೂತ್ ಪೀಟರ್ಸನ್ ಇದ್ದರು.

ಅಂದು ಕೊಠಡಿ ಕೊಡದಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2012ರಲ್ಲಿ ಡು ಬಾಯ್ಸ್ ಅವರನ್ನು ಸಮಾಜಶಾಸ್ತ್ರದ ಗೌರವ ಪ್ರಾಧ್ಯಾಪಕರೆಂದು ಘೋಷಿಸಿತು. ಅಷ್ಟು ಹೊತ್ತಿಗೆ ಅವರು ಘಾನಾದ ಅಕ್ರಾದಲ್ಲಿ ತೀರಿಕೊಂಡು ಅರ್ಧ ಶತಮಾನವೇ ಆಗುತ್ತ ಬಂದಿತ್ತು.