ಹೊರಗೆ ಕರಕಲು, ಒಳಗೆ ಹಸಿ: ಕೆಂಡದ ಮಾಂಸಕ್ಕೆ ಎಂಥ ಬಾರ್ಬೆಕ್ಯೂ ಬೇಕು?

ಓದುಗರ ಪ್ರಶ್ನೆ: ನಮ್ಮದು ಸಿಂಧನೂರ ಹತ್ರ ಹೊಲದ ಮನಿ. ಅಂಗಳದಾಗ ಇಟ್ಟಂಗಿ ಜೋಡಿಸಿ, ಮ್ಯಾಲ ಜಾಳಿಗಿ ಇಟ್ಟು ಕೋಳಿ, ಮಟನ್ ಸುಡ್ತೀವಿ. ಹೊರಗ ಕರ್ರಗ ಆಗಿರತೈತಿ, ಎಲುಬಿನ ಹತ್ರ ಇನ್ನಾ ಹಸೀನ ಇರತೈತಿ. ಮಟನ್ ಅಂತೂ ರಬ್ಬರ್ ಆದಂಗ ಆಗತೈತಿ. ಬಾರ್ಬೆಕ್ಯೂ ತಗೊಳ್ಳೋದಾ, ಸ್ಮೋಕರ್ ತಗೊಳ್ಳೋದಾ? ಯಾವುದು ತಗೊಂಡ್ರ ಈ ತ್ರಾಸು ತಪ್ಪತೈತಿ?

ಉತ್ತರ: ಎರಡೂ ಬೇಡ, ಒಂದೇ ಸಾಕು. ಮೇಲೆ ಮುಚ್ಚಳ, ಮುಚ್ಚಳದಲ್ಲೂ ತಳದಲ್ಲೂ ತೆರೆದು ಮುಚ್ಚಲು ಬರುವ ಗಾಳಿಕಂಡಿ, 55 ಸೆಂ.ಮೀ. ಆಸುಪಾಸಿನ ಅಗಲ ಇರುವ ದುಂಡನೆಯ ಇದ್ದಿಲ ಬಾರ್ಬೆಕ್ಯೂ ತೆಗೆದುಕೊಳ್ಳಿ. ಸುಡುವುದೂ ಅದರಲ್ಲೇ, ಹೊಗೆಯಲ್ಲಿ ನಿಧಾನ ಬೇಯಿಸುವ ಸ್ಮೋಕರಿನ ಕೆಲಸವೂ ಅದರಲ್ಲೇ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕರಕಲು-ಹಸಿ ಎಂಬುದು ಬೆಂಕಿಯ ತಪ್ಪು. ರಬ್ಬರ್ ಎಂಬುದು ಬಹುಪಾಲು ಮಾಂಸದ ತಪ್ಪು, ಅದಕ್ಕೆ ಎಷ್ಟು ದುಡ್ಡಿನ ಬಾರ್ಬೆಕ್ಯೂ ತಂದರೂ ಉಪಯೋಗವಿಲ್ಲ.

ಮೊದಲು ಬೆಂಕಿ. ಇಟ್ಟಂಗಿ ಒಲೆಯಲ್ಲಿ ಕಾವು ಬರುವುದು ಕೆಳಗಿನಿಂದ ಮಾತ್ರ. ಮೇಲ್ಭಾಗಕ್ಕೆ ತೆರೆದ ಗಾಳಿ ಬಡಿಯುತ್ತಿರುತ್ತದೆ. ಕೋಳಿ ತೊಡೆಯ ಎಲುಬಿನ ಪಕ್ಕ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಬೆಂದಂತೆ. ಕಾವು ಮಾಂಸದೊಳಗೆ ತುಂಬ ನಿಧಾನ ಇಳಿಯುತ್ತದೆ, ಆದ್ದರಿಂದ ಅಷ್ಟರೊಳಗೆ ತೊಗಲು ಸೀದುಹೋಗಿರುತ್ತದೆ. ಮೇಲಿಂದ ಕೊಬ್ಬು, ಮಸಾಲೆ ಎಣ್ಣೆ ಕೆಂಡಕ್ಕೆ ತೊಟ್ಟಿಕ್ಕಿ ಜ್ವಾಲೆ ಏಳುತ್ತದೆ. ಜ್ವಾಲೆ ಬೇಯಿಸುವುದಕ್ಕಿಂತ ಹೆಚ್ಚಾಗಿ ಮಸಿ ಮೆತ್ತುತ್ತದೆ, ಕಮಟು ಕಹಿ ಬರುವುದು ಅದರಿಂದ. ಮುಚ್ಚಳ ಹಾಕಿದ ಕ್ಷಣ ಎರಡು ಬದಲಾವಣೆ ಆಗುತ್ತವೆ: ಬಿಸಿಗಾಳಿ ಒಳಗೇ ಸುತ್ತಿ ಮಾಂಸ ನಾಲ್ಕೂ ಕಡೆಯಿಂದ ಬೇಯುತ್ತದೆ, ಕೆಂಡಕ್ಕೆ ಗಾಳಿ ಕಡಿಮೆಯಾಗಿ ಜ್ವಾಲೆ ಅಡಗುತ್ತದೆ. 1952ರಲ್ಲಿ ಚಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನ ಮೇಲೆ ತೇಲಿಬಿಡುವ ಲೋಹದ ಬುರುಡೆಯ ಅರ್ಧಗೋಲದಿಂದ ಮೊದಲ ದುಂಡು ಬಾರ್ಬೆಕ್ಯೂ ಮಾಡಿದ್ದು ಗಾಳಿಯ ಕಾಟ ತಪ್ಪಿಸಲಿಕ್ಕೆ. ಬಯಲುಸೀಮೆಯ ಗಾಳಿಗೆ ಮೈಯೊಡ್ಡಿದ ಹೊಲದ ಮನೆಗೆ ಅದಕ್ಕಿಂತ ಹೊಂದುವ ಆಕಾರ ಇನ್ನೊಂದಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟು. ಮುಚ್ಚಳ ಸುತ್ತಲೂ ಸರಿಯಾಗಿ ಕೂರಬೇಕು. ಕೆಳಗಿನ ಕಂಡಿ ಪೂರ್ತಿ ಮುಚ್ಚಬೇಕು, ಅರ್ಧ ಮುಚ್ಚುವಂಥದ್ದಾದರೆ ಕಾವು ನಿಮ್ಮ ಕೈಯಲ್ಲಿ ಇರುವುದಿಲ್ಲ. ಇದ್ದಿಲ ಜಾಳಿಗೆಗೂ ಮಾಂಸದ ಜಾಳಿಗೆಗೂ ನಡುವೆ 12–15 ಸೆಂ.ಮೀ. ಅಂತರ ಬೇಕು. ಮಡಚಿ ಒಯ್ಯುವ ತಗಡಿನ ಪೆಟ್ಟಿಗೆಗಳಿಗೆ ಮುಚ್ಚಳವಿಲ್ಲ, ಅಂತರವೂ ಇಲ್ಲ. ಅವು ನಿಮ್ಮ ಇಟ್ಟಂಗಿ ಒಲೆಗಿಂತ ಮೇಲಲ್ಲ. 35 ಸೆಂ.ಮೀ.ನ ಮೇಜಿನ ಮೇಲಿಡುವ ಮಾದರಿ ಖೀಮಾ ಕಬಾಬಿಗೆ ಸರಿ, ಕೋಳಿ ತೊಡೆಗೆ ಸಾಲದು, ಏಕೆಂದರೆ ಕೆಂಡವನ್ನು ಒಂದು ಪಕ್ಕಕ್ಕೆ ತಳ್ಳಿ ಇನ್ನೊಂದು ಪಕ್ಕ ಖಾಲಿ ಬಿಡಲು ಅದರಲ್ಲಿ ಜಾಗವಿಲ್ಲ. ಗ್ಯಾಸ್ ಮಾದರಿ ಅನುಕೂಲ, ಆದರೆ ಕಟ್ಟಿಗೆಯ ವಾಸನೆ ತಾನಾಗಿ ಬಾರದು. ಪಿಂಗಾಣಿಯ ದಪ್ಪ ಗೋಡೆಯ ಒಲೆ ಕಾವನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ, ಬೆಲೆಯೂ ಭಾರವೂ ಹೆಚ್ಚು, ಕೆಳಗೆ ಬಿದ್ದರೆ ಸೀಳುತ್ತದೆ.

ಬಳ್ಳಾರಿ ಜಾಲಿ ಇದ್ದಾಗ ಪೊಟ್ಟಣದ ಕಟ್ಟಿಗೆ ಏಕೆ?

ಅಮೆರಿಕದ ಟೆಕ್ಸಸ್ ಕಡೆ ಬಾರ್ಬೆಕ್ಯೂಗೆ ಹೆಸರಾದ ಮೆಸ್ಕೀಟ್ ಕಟ್ಟಿಗೆ ಎಂದರೆ ನಿಮ್ಮ ಹೊಲದ ಬದುವಿನಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ, ಎರಡೂ ಒಂದೇ ಕುಲದವು. ಊರಿನ ಹೆಸರು ಹೊತ್ತಿದ್ದರೂ ಈ ಮರ ಬಂದದ್ದು ಅಮೆರಿಕ ಖಂಡದ ಬಿಸಿನಾಡುಗಳಿಂದ. ಇದರ ಇದ್ದಿಲು ಗಟ್ಟಿ, ಕಾವು ಹೆಚ್ಚು, ಬಹಳ ಹೊತ್ತು ನಿಲ್ಲುತ್ತದೆ. ಒಂದು ದೋಷ: ಹೊತ್ತಿಸುವಾಗ ಚಟಚಟ ಸಿಡಿದು ಕಿಡಿ ಹಾರುತ್ತದೆ. ಹುಲ್ಲಿನ ಬಣವೆ, ಹತ್ತಿ ಕಟ್ಟಿಗೆಯ ರಾಶಿ, ಕೊಯ್ದ ಭತ್ತದ ಗದ್ದೆ ಪಕ್ಕದಲ್ಲಿದ್ದರೆ ಅಲ್ಲಿ ಒಲೆ ಹೂಡಬೇಡಿ. ಗಾಳಿ ಬಣವೆಯ ಕಡೆ ಬೀಸುತ್ತಿದ್ದರೆ ಆ ದಿನ ಬೇಡವೇ ಬೇಡ. ಎರಡು ಕೊಡ ನೀರು ಕೈಗೆಟುಕುವಲ್ಲಿ ಇರಲಿ.

ಇದ್ದಿಲಾಗಿ ಜಾಲಿ ಎಷ್ಟು ಬಳಸಿದರೂ ನಡೆಯುತ್ತದೆ. ಹೊಗೆಗೆಂದು ಹಾಕುವ ಕಟ್ಟಿಗೆಯಾಗಿ ಮಾತ್ರ ಕೈ ಬಿಗಿ ಹಿಡಿಯಿರಿ, ಅದರ ಹೊಗೆ ಬಲು ಖಡಕ್ಕು. ಮುಷ್ಟಿ ಗಾತ್ರದ 2 ತುಂಡು ಸಾಕು. ಕಡಿದು ಕನಿಷ್ಠ 6 ತಿಂಗಳು ಒಣಗಿಸಿದ್ದಾಗಿರಬೇಕು, ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ಹಸಿ ಕಟ್ಟಿಗೆಯ ಕಾವೆಲ್ಲ ತನ್ನ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಉರಿ ಅರೆಬರೆಯಾಗಿ ದಟ್ಟ ಬಿಳಿ ಹೊಗೆ ಬರುತ್ತದೆ, ಮಾಂಸದ ಮೇಲೆ ನಾಲಗೆ ಜುಮ್ಮೆನ್ನಿಸುವ ಕಹಿ ಜಿಡ್ಡು ಕೂರುತ್ತದೆ. ಕಟ್ಟಿಗೆ ಚೂರನ್ನು ನೀರಲ್ಲಿ ನೆನೆಸಿ ಹಾಕಿ ಎಂದು ಹೇಳುವವರಿದ್ದಾರೆ, ಅದೂ ಇದೇ ತಪ್ಪು. ಒಳ್ಳೆಯ ಹೊಗೆ ಕಂಡೂ ಕಾಣದಷ್ಟು ತೆಳ್ಳಗೆ, ತುಸು ನೀಲಿ ಇರುತ್ತದೆ. ಸೌಮ್ಯ ಹೊಗೆ ಬೇಕೆಂದರೆ ಒಣಗಿದ ಮಾವು, ಪೇರಲ ಹಾಕಿ, ಕೋಳಿಗೆ ಇವು ಜಾಲಿಗಿಂತ ಚೆನ್ನಾಗಿ ಹೊಂದುತ್ತವೆ.

ಕೆಲವನ್ನು ಮುಟ್ಟಲೇಬಾರದು. ಕಣಗಿಲೆ ಗಿಡದ ಪ್ರತಿ ಭಾಗವೂ ಹೃದಯಕ್ಕೆ ವಿಷ. ಅದರ ಕಡ್ಡಿಗೆ ಮಾಂಸ ಚುಚ್ಚುವುದಾಗಲಿ, ಕಟ್ಟಿಗೆ ಉರಿಸುವುದಾಗಲಿ ಖಂಡಿತ ಬೇಡ. ಎಕ್ಕ ಬೇಡ. ಬೇವಿನ ಹೊಗೆ ಕಹಿ. ಬಣ್ಣ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್ ಚೂರು ಒಲೆಗಲ್ಲ. ಸೀಮೆಎಣ್ಣೆ, ಡೀಸೆಲ್ ಹಾಕಿ ಹೊತ್ತಿಸಿದರೆ ವಾಸನೆ ಮಾಂಸಕ್ಕೆ ಅಂಟಿಯೇ ತೀರುತ್ತದೆ.

ಹೊತ್ತಿಸಲು ಎರಡೂ ತುದಿ ತೆರೆದ ತಗಡಿನ ಕೊಳವೆ ಮಾಡಿಸಿ: 30 ಸೆಂ.ಮೀ. ಎತ್ತರ, 18 ಸೆಂ.ಮೀ. ಅಗಲ, ತಳದಿಂದ 8 ಸೆಂ.ಮೀ. ಮೇಲೆ ಒಂದು ಜಾಳಿಗೆ, ಅದರ ಕೆಳಗೆ ಸುತ್ತ ತೂತು, ಪಕ್ಕದಲ್ಲಿ ಮರದ ಹಿಡಿ. ಮೇಲೆ ಇದ್ದಿಲು ತುಂಬಿ, ಕೆಳಗೆ ಹಳೆಯ ಪೇಪರಿನ ಎರಡು ಹಾಳೆ ಉಂಡೆ ಮಾಡಿ ಹೊತ್ತಿಸಿದರೆ 15–20 ನಿಮಿಷದಲ್ಲಿ ಮೇಲಿನ ಇದ್ದಿಲ ಅಂಚಿಗೂ ಬೂದಿ ಹಿಡಿಯುತ್ತದೆ. ಬೂದಿ ಹಿಡಿಯುವ ಮೊದಲು ಮಾಂಸ ಇಡುವುದು ನಾವು ಎಲ್ಲೆಲ್ಲೂ ಕಾಣುವ ಅವಸರ, ಅರ್ಧ ಕಹಿ ಅಲ್ಲೇ ಹುಟ್ಟುತ್ತದೆ.

ಕೆಂಡ ಒಂದು ಪಕ್ಕ, ಮಾಂಸ ಇನ್ನೊಂದು ಪಕ್ಕ

ಒಂದೂವರೆ ಕೆ.ಜಿ. ಇದ್ದಿಲಿನ ಕೆಂಡವನ್ನು ಒಲೆಯ ಅರ್ಧಕ್ಕೆ ಮಾತ್ರ ಸುರಿಯಿರಿ. ಜಾಳಿಗೆಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದಾಗ ಕೆಂಡದ ಪಕ್ಕ 2–3 ಸೆಕೆಂಡಿಗೆ ಕೈ ಎಳೆದುಕೊಳ್ಳುವಂತಿರಬೇಕು, ಖಾಲಿ ಪಕ್ಕ 7–8 ಸೆಕೆಂಡ್ ತಡೆಯುವಂತಿರಬೇಕು. ಎಲುಬಿರುವ ಕೋಳಿ ತೊಡೆಯನ್ನು ಮೊದಲು ಖಾಲಿ ಪಕ್ಕದಲ್ಲಿಟ್ಟು ಮುಚ್ಚಳ ಹಾಕಿ. ಮೇಲಿನ ಕಂಡಿ ಪೂರ್ತಿ ತೆರೆದು ಮಾಂಸದ ನೇರಕ್ಕೆ ಬರಲಿ, ಆಗ ಹೊಗೆ ಮಾಂಸವನ್ನು ದಾಟಿಯೇ ಹೊರಗೆ ಹೋಗುತ್ತದೆ. ಕಾವನ್ನು ಕೆಳಗಿನ ಕಂಡಿಯಿಂದಲೇ ಹೆಚ್ಚು ಕಡಿಮೆ ಮಾಡಬೇಕು. ಮೇಲಿನದನ್ನು ಮುಚ್ಚಿದರೆ ಹಳಸಿದ ಹೊಗೆ ಒಳಗೇ ಸುಳಿದಾಡಿ ಮಾಂಸ ಮಸಿಮಸಿ ಆಗುತ್ತದೆ. ಒಳಗಿನ ಕಾವು 180–200 ಡಿಗ್ರಿ ಇದ್ದರೆ ತೊಡೆ 35–45 ನಿಮಿಷದಲ್ಲಿ ಬೇಯುತ್ತದೆ. ಒಳಗೆ 70 ದಾಟಿದ ಮೇಲೆ ಕೆಂಡದ ಪಕ್ಕಕ್ಕೆ ಸರಿಸಿ, ಎರಡೂ ಮಗ್ಗುಲಿಗೆ ಒಂದೆರಡು ನಿಮಿಷ ಬಣ್ಣ ಬರಿಸಿ ಇಳಿಸಿ. ಮೊದಲು ಬೇಯಿಸು, ಆಮೇಲೆ ಬಣ್ಣ ಬರಿಸು: ನೀವು ಇಷ್ಟು ದಿನ ಮಾಡಿದ್ದು ಇದರ ತಿರುಗಾಮುರುಗಾ. ನಡುನಡುವೆ ಮುಚ್ಚಳ ಎತ್ತಿ ನೋಡುತ್ತಿದ್ದರೆ ಪ್ರತಿ ಸಲ ಕಾವು ಇಳಿಯುತ್ತದೆ, ಮರುಕ್ಷಣ ಗಾಳಿ ನುಗ್ಗಿ ಕೆಂಡ ಕೆರಳುತ್ತದೆ.

ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಳ್ಳಿ, ಮುಚ್ಚಳಕ್ಕೆ ಕೂರಿಸಿ ಬರುವ ಗಡಿಯಾರದಂಥ ಮಾಪಕವನ್ನು ನಂಬಬೇಡಿ. ಅದು ತೋರಿಸುವುದು ಮುಚ್ಚಳದ ಕಾವು, ಜಾಳಿಗೆಯ ಕಾವಲ್ಲ. ಕೊಂಡ ಥರ್ಮಾಮೀಟರನ್ನು ಕುದಿಯುವ ನೀರಲ್ಲಿ ಪರೀಕ್ಷಿಸಿ. ಬಳ್ಳಾರಿ-ರಾಯಚೂರಿನ ಎತ್ತರದಲ್ಲಿ ನೀರು ಸುಮಾರು 98.5 ಡಿಗ್ರಿಗೇ ಕುದಿಯುತ್ತದೆ. 100 ಬರಲಿಲ್ಲವೆಂದು ಅದನ್ನು ಹಿಂದಿರುಗಿಸಬೇಡಿ.

ಮಸಾಲೆಗೆ ಎರಡು ಮಾತು. 1 ಕೆ.ಜಿ. ಮಾಂಸಕ್ಕೆ 12–15 ಗ್ರಾಂ ಉಪ್ಪು, 150–200 ಗ್ರಾಂ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು. ಸಕ್ಕರೆ, ಬೆಲ್ಲ, ಜೇನು, ಟೊಮೆಟೊ ಸಾಸ್ ಸೀಯುವುದರಲ್ಲಿ ಎಲ್ಲಕ್ಕಿಂತ ಮುಂದು, ಅವನ್ನು ಕೊನೆಯ 5 ನಿಮಿಷದಲ್ಲಿ ಹಚ್ಚಿ. ಖಾರದ ಪುಡಿಯೂ ನೇರ ಕೆಂಡಕ್ಕೆ ಬೇಗ ಕರಕಾಗಿ ಕೆಮ್ಮು ಬರಿಸುತ್ತದೆ. ಜಾಳಿಗೆಗೆ ಇಡುವ ಮೊದಲು ಹೆಚ್ಚುವರಿ ಮಸಾಲೆಯನ್ನು ಬೆರಳಿನಿಂದ ಸವರಿ ತೆಗೆದುಬಿಡಿ.

ಮಟನ್ ರಬ್ಬರ್ ಆಗುವುದು

ನಿಮ್ಮ ಸುತ್ತ ಒಳ್ಳೆಯ ಕುರಿ ಇದೆ. ರಾಯಚೂರು, ಕೊಪ್ಪಳದ ಕಡೆಯ ಕೆಂಗುರಿ, ಬಳ್ಳಾರಿ ತಳಿ, ದಖನಿ. ಕುರಿಗೆ ದೋಷವಿಲ್ಲ, ದೋಷ ಹೊತ್ತಿನದು. ಬೆಳಿಗ್ಗೆ ಕೊಯ್ದದ್ದನ್ನು ಬೆಳಿಗ್ಗೆಯೇ ತಂದು ಮಧ್ಯಾಹ್ನ ಕೆಂಡಕ್ಕೆ ಇಡುತ್ತೇವೆ. ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದು ಬಿಗಿಯುತ್ತದೆ, ಮತ್ತೆ ಸಡಿಲವಾಗಲು ಒಂದು ದಿನವಾದರೂ ಬೇಕು. ಸಾರಿನಲ್ಲಿ, ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿದಾಗ ಈ ಬಿಗಿತ ಗೊತ್ತಾಗುವುದಿಲ್ಲ. 10 ನಿಮಿಷದ ಕೆಂಡದ ಮೇಲೆ ಅದು ಅಡಗುವುದಿಲ್ಲ. ಆದ್ದರಿಂದ ಒಂದು ದಿನ ಮೊದಲೇ ತನ್ನಿ, ಎಲುಬು ಬಿಡಿಸದೆ ದೊಡ್ಡ ತುಂಡಾಗಿಯೇ ಮುಚ್ಚಿ ಫ್ರಿಜ್ಜಿನಲ್ಲಿ 24 ಗಂಟೆ ಇಡಿ. ಬಿಸಿ ಆರದ ಮಾಂಸವನ್ನು ಚಿಕ್ಕ ತುಂಡು ಮಾಡಿ ಸೀದಾ ಫ್ರೀಜರಿಗೆ ತಳ್ಳಿದರೆ ಸ್ನಾಯು ಮುದುಡಿ ಇನ್ನಷ್ಟು ಗಡಸಾಗುತ್ತದೆ.

ಕಡ್ಡಿಗೆ ಚುಚ್ಚಿ ಸುಡಲು ಹಿಂದೊಡೆಯ ಮಾಂಸ ಬೇಕು, ಎಳೆ ಮರಿಯದ್ದು, 2.5 ಸೆಂ.ಮೀ. ತುಂಡು, ನಾರಿಗೆ ಅಡ್ಡಲಾಗಿ ಕೊಯ್ದದ್ದು. ಪಪ್ಪಾಯಿ ಕಾಯಿ ಅರೆದದ್ದು ಕೆ.ಜಿ.ಗೆ 1 ದೊಡ್ಡ ಚಮಚ, 2 ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಮೇಲ್ಪದರ ಹಿಟ್ಟಾಗುತ್ತದೆ, ನಡುಭಾಗ ಇದ್ದಂತೆಯೇ ಇರುತ್ತದೆ.

ಮುಂಗಾಲಿನ ಭುಜ, ಕತ್ತು, ಎದೆ ಕೆಂಡದ ನೇರಕ್ಕೆ ಎಂದೂ ಮೆತ್ತಗಾಗವು. ಇವುಗಳಿಗೇ ಹೊಗೆಯ ನಿಧಾನ ಅಡುಗೆ. ಅದೇ ದುಂಡು ಒಲೆಯಲ್ಲಿ ಒಂದು ಪಕ್ಕ ಒಂದೂವರೆ ಕೆ.ಜಿ. ಹೊತ್ತಿಸದ ಇದ್ದಿಲು ಗುಡ್ಡೆ ಹಾಕಿ, ನಡುವೆ 2 ಜಾಲಿ ತುಂಡು ಹುದುಗಿಸಿ, ತುದಿಯಲ್ಲಿ 8–10 ಕೆಂಡ ಇಡಿ. ಬೆಂಕಿ ಅಲ್ಲಿಂದ ನಿಧಾನವಾಗಿ ಉಳಿದ ಇದ್ದಿಲಿಗೆ ಹರಡುತ್ತ ಹೋಗುತ್ತದೆ. ಖಾಲಿ ಪಕ್ಕದ ಕೆಳಗೆ ಒಂದು ಬೋಗುಣಿ ಬಿಸಿನೀರು ಇರಲಿ. ಕೆಳಗಿನ ಕಂಡಿ ಕಾಲು ಭಾಗ ತೆರೆದು 110–130 ಡಿಗ್ರಿಯಲ್ಲಿ ನಿಲ್ಲಿಸಿ. ಇದ್ದಿಲು ಸೊರಗಿದರೆ ನಡುವೆ ಒಂದೆರಡು ಹಿಡಿ ಸೇರಿಸಿ. 2 ಕೆ.ಜಿ. ಭುಜಕ್ಕೆ 5–6 ಗಂಟೆ.

ನಡುವೆ ಒಂದು ಕಡೆ ನೀವು ಗಾಬರಿಯಾಗುತ್ತೀರಿ. ಮಾಂಸದೊಳಗಿನ ಕಾವು 65–75ರ ನಡುವೆ ಬಂದು ಒಂದೆರಡು ಗಂಟೆ ಅಲ್ಲಾಡದೆ ನಿಲ್ಲುತ್ತದೆ. ಒಲೆ ಕೆಟ್ಟಿಲ್ಲ. ಬೇಸಿಗೆಯಲ್ಲಿ ಮಣ್ಣಿನ ಹರವಿ ಮೈಯಿಂದ ನೀರು ಆರುತ್ತ ಒಳಗಿನ ನೀರು ತಂಪಾಗುವ ಹಾಗೆಯೇ, ಮಾಂಸದ ಮೈಯಿಂದ ನೀರು ಆವಿಯಾಗಿ ಬರುವ ಕಾವನ್ನೆಲ್ಲ ನುಂಗುತ್ತಿರುತ್ತದೆ. ಕೆಂಡ ಹೆಚ್ಚಿಸಬೇಡಿ. ಬಣ್ಣ ಕಡುಗೆಂಪಾಗಿದ್ದರೆ ಅಲ್ಯೂಮಿನಿಯಂ ಹಾಳೆಯಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ ಮತ್ತೆ ಇಡಿ. ಒಳಗೆ 92–95 ತಲುಪಿದಾಗ ನಾರು ಕರಗಿ ಜಿಗಟಾಗಿ, ಎಲುಬು ಹಿಡಿದು ಎಳೆದರೆ ಕೈಗೆ ಬರುತ್ತದೆ. ಇಳಿಸಿ ಅರ್ಧ ಗಂಟೆ ಸುತ್ತಿದಂತೆಯೇ ಬಿಡಿ. ಕೊಯ್ದಾಗ ಅಂಚಿನಲ್ಲಿ ಗುಲಾಬಿ ಪಟ್ಟಿ ಕಂಡರೆ ಅದು ಹಸಿಯಲ್ಲ, ಹೊಗೆಯ ಅನಿಲ ಮಾಂಸದ ಬಣ್ಣದೊಂದಿಗೆ ಕೂಡಿ ಆದ ಗುರುತು. ಕೋಳಿಯನ್ನು ಮಾತ್ರ ಇಷ್ಟು ಕಡಿಮೆ ಕಾವಿಗೆ ಇಡಬೇಡಿ, ತೊಗಲು ಚರ್ಮದಂತಾಗುತ್ತದೆ.

ಮದುವೆ-ಮುಂಜಿಗೆ, ದೊಡ್ಡ ಬಳಗಕ್ಕೆ ಬೇಕಾದಾಗಲೇ ಬೇರೆ ಸ್ಮೋಕರ್ ಮಾತು. ಆಗಲೂ ಕೊಳ್ಳುವುದಕ್ಕಿಂತ ವೆಲ್ಡಿಂಗ್ ಅಂಗಡಿಯಲ್ಲಿ 200 ಲೀಟರಿನ ಡ್ರಮ್ಮಿನಿಂದ ಮಾಡಿಸಿ. ತಳದಿಂದ 5 ಸೆಂ.ಮೀ. ಮೇಲೆ ಒಂದಿಂಚಿನ 3 ತೂತು, ಅವುಗಳಲ್ಲಿ ಒಂದಕ್ಕೆ ತಿರುಗಿಸುವ ವಾಲ್ವ್, ಎರಡಕ್ಕೆ ಮುಚ್ಚಿಗೆ. ಮುಚ್ಚಳದಲ್ಲಿ ಎರಡಿಂಚಿನ ಹೊಗೆಕೊಳವೆ. 4–5 ಕೆ.ಜಿ. ಹಿಡಿಯುವ ಇದ್ದಿಲ ಬುಟ್ಟಿ, ಅದರ ತಳದಿಂದ 60 ಸೆಂ.ಮೀ. ಮೇಲೆ ಸ್ಟೀಲ್ ಜಾಳಿಗೆ. ಡ್ರಮ್ಮು ಅಡುಗೆ ಎಣ್ಣೆಯದೇ ಆಗಿರಬೇಕು. ಭತ್ತ, ಹತ್ತಿಯ ಸೀಮೆಯಲ್ಲಿ ಕ್ರಿಮಿನಾಶಕದ ಖಾಲಿ ಡ್ರಮ್ಮು ಅಗ್ಗಕ್ಕೆ ಸಿಗುತ್ತದೆ. ಎಷ್ಟು ತೊಳೆದರೂ, ಎಷ್ಟು ಸುಟ್ಟರೂ ಅದು ಅಡುಗೆಗೆ ಬಾರದು. ಒಳಗೆ ಪ್ಲಾಸ್ಟಿಕ್ಕಿನಂಥ ಲೇಪವಿದ್ದರೆ ಬೇಡ. ಸತುವು ಲೇಪಿಸಿದ ಜಿ.ಐ. ತಗಡು, ಜಿ.ಐ. ಜಾಳಿಗೆಯೂ ಬೇಡ, ಕಾದಾಗ ಬರುವ ಹೊಗೆ ಕೆಟ್ಟದ್ದು. ಮೊದಲ ಅಡುಗೆಗೆ ಮುಂಚೆ ಒಳಗೆ ಕಟ್ಟಿಗೆ ಹಾಕಿ ಒಂದೆರಡು ಗಂಟೆ ಧಗಧಗ ಉರಿಸಿ, ಉಜ್ಜಿ ತೊಳೆದು, ಎಣ್ಣೆ ಸವರಿ ಮತ್ತೊಮ್ಮೆ ಕಾಯಿಸಿ.

ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಹಸಿ ಮಾಂಸ ಹೊರಗೆ 1 ಗಂಟೆಗಿಂತ ಹೆಚ್ಚು ಇರಬಾರದು. ಕೆಂಡ ಸಿದ್ಧವಾದ ಮೇಲೆ ಫ್ರಿಜ್ಜಿನಿಂದ ತೆಗೆಯಿರಿ. ಹಸಿ ಮಾಂಸ ಮುಟ್ಟಿದ ತಟ್ಟೆ, ಇಕ್ಕಳವನ್ನು ಬೆಂದದ್ದಕ್ಕೆ ಬಳಸಬೇಡಿ. ಮಳೆ ಬಂತೆಂದು ಒಲೆಯನ್ನು ಪಡಸಾಲೆಯೊಳಗೆ, ಶೆಡ್ಡಿನೊಳಗೆ ಎಳೆಯಲೇಬೇಡಿ. ಆರಿದಂತೆ ಕಾಣುವ ಕೆಂಡವೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೆ ಹೋಗುತ್ತಾರೆ.

ಅಡುಗೆ ಮುಗಿದ ಮೇಲೆ ನೀರು ಸುರಿದು ಆರಿಸುವ ಅಭ್ಯಾಸ ಬಿಡಿ, ತಗಡು ಸೊಟ್ಟಗಾಗುತ್ತದೆ, ಲೇಪ ಸಿಡಿಯುತ್ತದೆ. ಮೇಲೂ ಕೆಳಗೂ ಕಂಡಿ ಮುಚ್ಚಿದರೆ ಗಾಳಿಯಿಲ್ಲದೆ ಕೆಂಡ ತಾನೇ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಬೂದಿಯನ್ನು ಎರಡು ದಿನ ಬಿಟ್ಟು, ಕೈಯಾಡಿಸಿದಾಗ ಪೂರ್ತಿ ತಣ್ಣಗಿದ್ದರೆ ಮಾತ್ರ ತಿಪ್ಪೆಗೆ ಹಾಕಿ.