ಪೈಪ್‌ಲೈನ್‌ಗೆ 'ಅನುಮೋದನೆ' ಸಿಕ್ಕಿತು ಅಂದ್ರೆ ಸಿಕ್ಕಿದ್ದೇನು?

ಮೊನ್ನೆ ಅಣಕು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿಯ ಹಂತಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬೇಕು: ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಆಡಳಿತಾತ್ಮಕ ಅನುಮೋದನೆ, ಟೆಂಡರ್. ನಾನು ತಾಂತ್ರಿಕ ಮಂಜೂರಾತಿಯನ್ನು ಮೊದಲಿಗೆ ಇಟ್ಟೆ. ತಪ್ಪು. ಎರಡು ವಾರದ ಹಿಂದೆಯೂ ಇದೇ ತಪ್ಪು ಮಾಡಿದ್ದೆ. ಮೂರನೇ ಸಲ ಮಾಡಬಾರದು ಅಂತ ಬರೆದಿಡುತ್ತಿದ್ದೇನೆ. ನಿಮಗೂ ಉಪಯೋಗಕ್ಕೆ ಬಂದರೆ ಒಳ್ಳೇದೇ.

ಉದಾಹರಣೆಗೆ ಬೆಂಗಳೂರಿನ ಕಾವೇರಿ 5ನೇ ಹಂತವನ್ನು ಇಟ್ಟುಕೊಂಡಿದ್ದೇನೆ. 2024ರ ಅಕ್ಟೋಬರ್ 16ರಂದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಯೋಜನೆ. 775 ಎಂಎಲ್‌ಡಿ ನೀರು, ಅಂದರೆ ದಿನಕ್ಕೆ 775 ದಶಲಕ್ಷ ಲೀಟರ್. ಮುಖ್ಯವಾಗಿ 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ.

ನಾನು ಎಡವಿದ್ದು ಎಲ್ಲಿ

ನನ್ನ ತಲೆಯಲ್ಲಿ ಓಡಿದ್ದು ಹೀಗೆ: ಪೈಪ್ ಎಷ್ಟು ದಪ್ಪ, ಎಲ್ಲಿಂದ ಎಲ್ಲಿಗೆ, ಎಷ್ಟು ಖರ್ಚು ಅಂತ ಎಂಜಿನಿಯರ್ ಹೇಳದೆ ಮೇಲಿನವರು ಹೇಗೆ ಒಪ್ಪುತ್ತಾರೆ? ಹಾಗಾಗಿ ತಾಂತ್ರಿಕದ್ದು ಮೊದಲು, ಆಡಳಿತದ್ದು ಆಮೇಲೆ. ಕೇಳೋಕೆ ಸರಿಯಾಗೇ ಇದೆ, ಅಲ್ವಾ?

ಇಲ್ಲ. ಇದು ಅರ್ಥವಾಗಿದ್ದು ನಮ್ಮ ಮನೆಯ ಸಂಪ್ ನೆನಪಾದಾಗ.

ಆರು ವರ್ಷದ ಹಿಂದೆ ಅಪ್ಪ ಊಟಕ್ಕೆ ಕೂತಾಗ ಹೇಳಿದರು: "ಈ ಬೇಸಿಗೆಗೆ ಮುಂಚೆ ಸಂಪ್ ಮಾಡಿಸಿಬಿಡೋಣ. ಅರವತ್ತು ಸಾವಿರದೊಳಗೆ ಮುಗೀಬೇಕು." ಅಷ್ಟೇ. ಅಳತೆ ಇಲ್ಲ, ನಕ್ಷೆ ಇಲ್ಲ. ಅರವತ್ತು ಸಾವಿರ ಅನ್ನೋದು ಪಕ್ಕದ ಮನೆಯವರು ಮಾಡಿಸಿದ ಸಂಪ್ ನೋಡಿ ಹಾಕಿದ ಅಂದಾಜು. ಇದು ಆಡಳಿತಾತ್ಮಕ ಅನುಮೋದನೆ. ಕೆಲಸ ಬೇಕು, ಇಷ್ಟರ ಮಟ್ಟಿಗೆ ದುಡ್ಡು ಹಾಕಲು ನಾವು ತಯಾರು, ಅನ್ನೋ ಮಾತು.

ಮಾರನೇ ದಿನ ಮೇಸ್ತ್ರಿ ಬಂದರು. ಟೇಪ್ ಹಿಡಿದು ಅಳೆದರು, ಹಾರೆ ಹಾಕಿ ನೆಲ ಕೆದಕಿದರು, ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ಕಬ್ಬಿಣ ಇಷ್ಟು, ಸಿಮೆಂಟ್ ಇಷ್ಟು, ಜಲ್ಲಿ ಇಷ್ಟು ಅಂತ ಬರೆದರು. ಗೋಡೆ ಎಷ್ಟು ದಪ್ಪ ಇದ್ದರೆ ನಿಲ್ಲುತ್ತೆ ಅಂತಲೂ ಹೇಳಿದರು. ಇದು ತಾಂತ್ರಿಕ ಮಂಜೂರಾತಿ. ವಿವರವಾದ ಲೆಕ್ಕ ಸರಿ ಇದೆ, ವಿನ್ಯಾಸ ಗಟ್ಟಿ ಇದೆ ಅಂತ ಆ ಕೆಲಸ ಗೊತ್ತಿರುವವರು ಹೇಳುವ ಮಾತು.

ಅಪ್ಪ ಬೇಡ ಅಂದಿದ್ದರೆ ಮೇಸ್ತ್ರಿ ಟೇಪ್ ಬಿಚ್ಚುತ್ತಲೇ ಇರಲಿಲ್ಲ. ಕ್ರಮದ ಗುಟ್ಟು ಇಷ್ಟೇ. ವಿವರವಾದ ಲೆಕ್ಕ ಮಾಡೋಕೂ ಖರ್ಚಿದೆ, ಸಮಯ ಹಿಡಿಯುತ್ತೆ. ಕೆಲಸ ಬೇಕೋ ಬೇಡವೋ ಅನ್ನೋದು ಮೊದಲು ತೀರ್ಮಾನವಾಗಬೇಕು.

ಕಥೆ ಇನ್ನೂ ಇದೆ. ನಾಲ್ಕು ಅಡಿ ಅಗೆದ ಮೇಲೆ ಬಂಡೆ ಸಿಕ್ಕಿತು. ಮೇಸ್ತ್ರಿ ಎಂಬತ್ತೈದು ಸಾವಿರ ಆಗುತ್ತೆ ಅಂದರು. ಹಾಗಂತ ಅವರೇ ನಿರ್ಧಾರ ಮಾಡಿ ಕೆಲಸ ಮುಂದುವರಿಸಲಿಲ್ಲ. ಮತ್ತೆ ಅಪ್ಪನ ಹತ್ತಿರ ಬಂದು ನಿಂತರು. ಸರ್ಕಾರದ ಭಾಷೆಯಲ್ಲಿ ಇದಕ್ಕೆ ಪರಿಷ್ಕೃತ ಆಡಳಿತಾತ್ಮಕ ಅನುಮೋದನೆ ಅಂತಾರೆ. ವಿವರವಾದ ಅಂದಾಜು ಪಟ್ಟಿ ಮೊದಲು ಒಪ್ಪಿದ ಮೊತ್ತವನ್ನು ನಿಗದಿತ ಮಿತಿಗಿಂತ ಜಾಸ್ತಿ ಮೀರಿದರೆ, ಕಡತ ವಾಪಸ್ ಮೇಲಕ್ಕೆ ಹೋಗಲೇಬೇಕು.

ಈಗ ಕ್ರಮ ಬರೆದುಕೊಳ್ಳಿ: ಆಡಳಿತಾತ್ಮಕ ಅನುಮೋದನೆ ಮತ್ತು ವೆಚ್ಚ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ. ಅನುದಾನ ಇದೆ ಅನ್ನೋದು ಟೆಂಡರಿಗೆ ಮುಂಚೆಯೇ ಖಾತ್ರಿಯಾಗಬೇಕು.

ಇನ್ನೊಂದು ಗುಂಡಿ ಇದೆ, ಅದರಲ್ಲೂ ಬಿದ್ದಿದ್ದೆ. ದೊಡ್ಡ ಯೋಜನೆಗಳಲ್ಲಿ ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್, ಸರ್ಕಾರದ ಮುಂದೆ ಹೋಗುವ ಮೊದಲೇ ತಾಂತ್ರಿಕ ಸಮಿತಿಯ ಕಣ್ಣಿಗೆ ಬಿದ್ದಿರುತ್ತದೆ. ಇದನ್ನು ಓದಿದವರು "ನೋಡಿ, ತಾಂತ್ರಿಕದ್ದೇ ಮೊದಲು" ಅಂತಾರೆ. ಸಮಿತಿ ವರದಿ ನೋಡುವುದು ಬೇರೆ, ಅಧಿಕಾರ ಇರುವ ಎಂಜಿನಿಯರ್ ವಿವರವಾದ ಅಂದಾಜು ಪಟ್ಟಿಗೆ ಸಹಿ ಹಾಕುವುದು ಬೇರೆ. ತಾಂತ್ರಿಕ ಮಂಜೂರಾತಿ ಅಂದರೆ ಎರಡನೆಯದು ಮಾತ್ರ. ಹಾಗೆಯೇ ಪೇಪರಿನಲ್ಲಿ "ತಾತ್ವಿಕ ಒಪ್ಪಿಗೆ" ಅಂತ ಬಂದರೆ, ಅದು ಆಡಳಿತಾತ್ಮಕ ಅನುಮೋದನೆಯೂ ಅಲ್ಲ. ಊಟಕ್ಕೆ ಕೂರುವ ಮೊದಲೇ ಅಮ್ಮ "ಸಂಪ್ ಇದ್ದಿದ್ರೆ ಚೆನ್ನಾಗಿತ್ತು" ಅಂದಾಗ ಅಪ್ಪ "ಹೂಂ, ನೋಡೋಣ" ಅಂದಿದ್ದರು, ಇದು ಅಂಥದ್ದು.

ಅಪ್ಪ ಯಾರು?

ಊರಿನ ಪೈಪ್‌ಲೈನಿಗೆ 'ಅಪ್ಪ' ನಗರಪಾಲಿಕೆ ಅಂತ ಬರೆಯುವ ಆಸೆ ಆಗುತ್ತದೆ. ಸಂವಿಧಾನವೂ ಹಾಗೇ ಸೂಚಿಸುತ್ತದೆ. 74ನೇ ತಿದ್ದುಪಡಿ ತಂದ 12ನೇ ಅನುಸೂಚಿಯಲ್ಲಿ 18 ವಿಷಯಗಳಿವೆ. 5ನೆಯದು ನೀರು ಸರಬರಾಜು. ಆದರೆ 243ಡಬ್ಲ್ಯೂ ವಿಧಿಯನ್ನು ನಿಧಾನವಾಗಿ ಓದಿ. ರಾಜ್ಯದ ಶಾಸಕಾಂಗ ಈ ಅಧಿಕಾರವನ್ನು ಕೊಡಬಹುದು ಅಂತಿದೆ. ಕೊಡಲೇಬೇಕು ಅಂತಿಲ್ಲ. ಆಯ್ಕೆಗಳಲ್ಲಿ 'ಕಡ್ಡಾಯವಾಗಿ' ಅನ್ನೋ ಪದ ಕಂಡರೆ ಹುಷಾರು.

ಬೆಂಗಳೂರಿನಲ್ಲಿ ನೀರು ಪಾಲಿಕೆಯ ಕೈಯಲ್ಲಿಲ್ಲ. ಜಲಮಂಡಳಿಯ ಕೈಯಲ್ಲಿದೆ. 1964ರ ಕಾಯ್ದೆಯಿಂದ ಹುಟ್ಟಿದ, ರಾಜ್ಯ ಸರ್ಕಾರದ ನಗರಾಭಿವೃದ್ಧಿ ಇಲಾಖೆಯ ಕೆಳಗಿರುವ ಮಂಡಳಿ ಅದು. ಹಾಗಾಗಿ ಕಾವೇರಿಯ ದೊಡ್ಡ ಕೊಳವೆಗೆ ಹೂಂ ಅನ್ನುವುದು ರಾಜ್ಯ ಸರ್ಕಾರ. 5ನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿತು. 2018ರ ಜನವರಿಯ ಆ ಒಪ್ಪಂದ 4,500 ಕೋಟಿ ಯೆನ್‌ನದ್ದು. ವಿದೇಶಿ ಸಾಲ ಅಂದಮೇಲೆ ಕೇಂದ್ರ ಸರ್ಕಾರವೂ ನಡುವೆ ಬರುತ್ತದೆ. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿದ್ದರೂ ಜಲಮಂಡಳಿ ಬೇರೆಯೇ ಸಂಸ್ಥೆ.

ಮೈಸೂರು ಬೇರೆ ಥರ. ಅಲ್ಲಿ ವಾಣಿವಿಲಾಸ ನೀರು ಸರಬರಾಜು ವಿಭಾಗ ಪಾಲಿಕೆಯ ಒಳಗೇ ಇದೆ. ಉಳಿದ ಎಷ್ಟೋ ಊರುಗಳಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಯೋಜನೆ ಮಾಡಿ ಕಟ್ಟುತ್ತದೆ, ನಗರಸಭೆಯೋ ಪುರಸಭೆಯೋ ಆಮೇಲೆ ನೋಡಿಕೊಳ್ಳುತ್ತದೆ. ಆದರೆ ಒಂದು ಬಡಾವಣೆಗೆ ಹೊಸ ಪೈಪ್ ಎಳೆಯುವಂಥ ಸಣ್ಣ ಕೆಲಸ ಸ್ಥಳೀಯ ಸಭೆಯ ಮುಂದೆಯೇ ಬರುತ್ತದೆ. ಒಂದು ಪುರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿ ಹಾಳೆ ನನಗೆ ಸಿಕ್ಕಿತ್ತು. ವಿಷಯ, ಕಚೇರಿ ಟಿಪ್ಪಣಿ, ಸಭೆಯ ತೀರ್ಮಾನ ಅಂತ ಮೂರು ಕಾಲಂ. ಮೂರನೆಯದು ಖಾಲಿ, ಸಭೆಯಲ್ಲಿ ಕೈಯಲ್ಲಿ ಬರೆದು ತುಂಬಿಸೋಕೆ. ಕುಡಿಯುವ ನೀರಿನ ವಿಷಯದ ಕೊನೆಗೆ ಒಂದು ಪದ ಇತ್ತು: ಘಟನೋತ್ತರ ಮಂಜೂರಾತಿ. ಕೆಲಸ ಆಗಿಹೋಗಿದೆ, ಈಗ ಒಪ್ಪಿಗೆ ಕೊಡಿ ಅಂತ ಅರ್ಥ. ಬೇಸಿಗೆಯಲ್ಲಿ ಪೈಪ್ ಒಡೆದರೆ ಸಭೆ ಸೇರುವವರೆಗೆ ಕಾಯೋಕಾಗಲ್ಲ ನೋಡಿ. ಮೇಲೆ ಬರೆದ ಕ್ರಮಕ್ಕೆ ಇದೊಂದು ವಿನಾಯಿತಿ. ಪರೀಕ್ಷೆಯಲ್ಲಿ ಇದನ್ನು ಮಾಮೂಲಿ ಹಂತ ಅಂತ ಸೇರಿಸಬೇಡಿ.

775 ಎಲ್ಲಿಂದ ಬಂತು (ನನ್ನ ಮೆಚ್ಚಿನ ಭಾಗ)

775 ಯಾಕೆ? 750 ಯಾಕಲ್ಲ, 800 ಯಾಕಲ್ಲ? ಇದು ಸಿಕ್ಕಿದ ದಿನ ನನಗೆ ನಿದ್ದೆ ಬರಲಿಲ್ಲ.

ನದಿಯ ನೀರನ್ನು ಟಿಎಂಸಿಯಲ್ಲಿ ಅಳೆಯುತ್ತಾರೆ. ನಲ್ಲಿಯ ನೀರನ್ನು ಎಂಎಲ್‌ಡಿಯಲ್ಲಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಘನ ಅಡಿಗೆ 28.317 ಲೀಟರ್. ಹಾಗಾಗಿ ಒಂದು ಟಿಎಂಸಿ 28,317 ದಶಲಕ್ಷ ಲೀಟರ್. ಅದನ್ನು ವರ್ಷವಿಡೀ ಸಮನಾಗಿ ಬಳಸಿದರೆ, 365ರಿಂದ ಭಾಗಿಸಿ: 77.6.

ಈ 77.6 ಅನ್ನು ಅಂಗೈ ಮೇಲೆ ಬರೆದುಕೊಳ್ಳಿ. ವರ್ಷಕ್ಕೆ 1 ಟಿಎಂಸಿ ಅಂದರೆ 77.6 ಎಂಎಲ್‌ಡಿ. 5ನೇ ಹಂತಕ್ಕೆ ಇಟ್ಟಿದ್ದು 10 ಟಿಎಂಸಿ. ಹತ್ತರಿಂದ ಗುಣಿಸಿ. ಬಂತಲ್ಲ, ಹೆಚ್ಚುಕಡಿಮೆ 775! ನದಿಯ ಪಾಲು ಎಷ್ಟೋ ಅಷ್ಟೇ ಪೈಪಿನ ಗಾತ್ರ.

ಅದೇ ಜೋಶಿನಲ್ಲಿ ಮುಂದಕ್ಕೆ ಹೋದೆ. 1 ಎಂಎಲ್‌ಡಿ ಅಂದರೆ ಸೆಕೆಂಡಿಗೆ 11.57 ಲೀಟರ್. 775 ಎಂಎಲ್‌ಡಿ ಅಂದರೆ ಸೆಕೆಂಡಿಗೆ ಸುಮಾರು 8,970 ಲೀಟರ್, ಹೆಚ್ಚುಕಡಿಮೆ 9 ಘನ ಮೀಟರ್. ಮುಖ್ಯ ಕೊಳವೆಯ ವ್ಯಾಸ 3 ಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 7.07 ಚದರ ಮೀಟರ್. ಭಾಗಿಸಿದರೆ ನೀರು ಸೆಕೆಂಡಿಗೆ 1.27 ಮೀಟರ್ ಓಡುತ್ತದೆ. ನಾವು ಆರಾಮಾಗಿ ನಡೆಯುವ ವೇಗ! ಇಷ್ಟು ದೊಡ್ಡ ಕೊಳವೆಯೊಳಗೆ ನೀರು ಧುಮುಕುತ್ತಾ ಹೋಗುತ್ತದೆ ಅಂದುಕೊಂಡಿದ್ದೆ. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಅದು ವಾಕಿಂಗ್ ಬರುತ್ತದೆ. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿ. ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು, ಕರೆಂಟ್ ಬಿಲ್ ಬಗ್ಗೆ ಕೇಳಲೇಬೇಡಿ.

ಎಷ್ಟು ಜನಕ್ಕೆ ಸಾಲುತ್ತದೆ ಅನ್ನೋ ಲೆಕ್ಕವನ್ನೂ ಹಾಕಬಹುದು. ನಗರಗಳಿಗೆ ತಲಾ ದಿನಕ್ಕೆ 135 ಲೀಟರ್ ಅನ್ನೋದು ಸಾಮಾನ್ಯ ಮಾನದಂಡ. ಸೋರಿಕೆಗೆ ಶೇ 15 ಕಳೆದರೆ 775ರಲ್ಲಿ ಸುಮಾರು 659 ಉಳಿಯುತ್ತದೆ. 135ರಿಂದ ಭಾಗಿಸಿ. ಹತ್ತಿರ ಹತ್ತಿರ 49 ಲಕ್ಷ ಜನ.

4.75 ನೋಡಿ ಗಾಬರಿಯಾಗಬೇಡಿ

2018ರ ಫೆಬ್ರವರಿ 16ರ ಕಾವೇರಿ ನೀರು ಹಂಚಿಕೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿ 14.75 ಟಿಎಂಸಿ ಕೊಟ್ಟಿತು. ಅದರಲ್ಲಿ ಬೆಂಗಳೂರಿಗೆ 4.75. ಹಾಗಾದರೆ 5ನೇ ಹಂತಕ್ಕೆ 10 ಟಿಎಂಸಿ ಎತ್ತುವುದು ಹೇಗೆ? ನಾನು ಇಲ್ಲಿ ಅರ್ಧ ದಿನ ಕಳೆದೆ.

ಎತ್ತುವುದು ಬೇರೆ, ಖರ್ಚಾಗುವುದು ಬೇರೆ. ಕಾವೇರಿ ನ್ಯಾಯಮಂಡಳಿ ಕುಡಿಯುವ ನೀರಿನಲ್ಲಿ ಎತ್ತಿದ್ದರ ಶೇ 20 ಮಾತ್ರ ಖರ್ಚು ಅಂತ ಲೆಕ್ಕ ಹಿಡಿದಿತ್ತು. ಉಳಿದದ್ದು ಚರಂಡಿಯಾಗಿ ವಾಪಸ್ ಹರಿಯುತ್ತದೆ ಅಂತ. ಆ ಲೆಕ್ಕದಲ್ಲಿ 10 ಟಿಎಂಸಿ ಎತ್ತಿದರೆ ಖರ್ಚು 2 ಟಿಎಂಸಿ. ತೀರ್ಪಿನ 4.75 ಖರ್ಚಿನ ಲೆಕ್ಕ. ಯೋಜನೆಯ 10 ಎತ್ತುವ ಲೆಕ್ಕ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿ ಕಳೆಯಬೇಡಿ.

ಆದರೂ ನನಗೊಂದು ಕಿರಿಕಿರಿ ಉಳಿದಿದೆ. ವೃಷಭಾವತಿ ಕಡೆ ಹರಿದದ್ದು ಅರ್ಕಾವತಿ ಮೂಲಕ ಕಾವೇರಿಗೆ ಸೇರುತ್ತದೆ, ಸರಿ. ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ನೀರು ಹೋಗುವುದು ದಕ್ಷಿಣ ಪಿನಾಕಿನಿ ಕಡೆಗೆ. ಅದು ಕಾವೇರಿಗೆ ವಾಪಸ್ ಬರುವುದೇ ಇಲ್ಲ.

ಟೆಂಡರ್ ಮತ್ತು ಉಳಿದದ್ದು

ಇದು ಸುಲಭ, ಬೇಗ ಮುಗಿಸುತ್ತೇನೆ. ಟೆಂಡರ್ ನಡೆಯುವುದು 1999ರ ಕೆಟಿಪಿಪಿ ಕಾಯ್ದೆಯಡಿ, ಅಂದರೆ ಸರ್ಕಾರಿ ಖರೀದಿ ಪಾರದರ್ಶಕವಾಗಿರಬೇಕು ಅನ್ನುವ ರಾಜ್ಯದ ಕಾಯ್ದೆ. ರಸ್ತೆ ಅಗೆಯೋಕೆ ರಸ್ತೆ ಯಾರದೋ ಅವರ ಅನುಮತಿ ಬೇಕು. ಹೆದ್ದಾರಿ, ರೈಲು ಹಳಿ, ಅರಣ್ಯ ಅಡ್ಡ ಬಂದರೆ ಆಯಾ ಇಲಾಖೆಯದ್ದೂ ಬೇಕು. ಕಾರ್ಯಾದೇಶ ಕೈಗೆ ಬಂದ ಮೇಲೂ ಕೆಲಸ ನಿಂತಿರುತ್ತದೆ ಅಂದರೆ ಎಷ್ಟೋ ಸಲ ಇಂಥದ್ದೇ ಒಂದು ಕಾಗದ ಬಾಕಿ ಇರುತ್ತದೆ.

ಅಭ್ಯಾಸಕ್ಕೆ ಒಂದು: ಒಂದು ಊರಿಗೆ ವರ್ಷಕ್ಕೆ 3 ಟಿಎಂಸಿ ಸಿಕ್ಕಿದೆ. ಎಷ್ಟು ಎಂಎಲ್‌ಡಿ ಪೈಪ್‌ಲೈನಿಗೆ ಡಿಪಿಆರ್ ಮಾಡಬೇಕು? ಕ್ಯಾಲ್ಕುಲೇಟರ್ ಮುಟ್ಟದೆ ಮಾಡಿ. ನನಗೆ 233 ಬಂತು.